ಕಾಮಾಲೆ ಮದ್ದಿಗೆ ಕರೆದೊಯ್ದವನು

ಹತ್ತೊಂಬತ್ತು ವರ್ಷ ಶಿರಸಿಯ ಆರ್‌ಟಿಒ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕೂತು ಊರವರ ಲೈಸೆನ್ಸು, ಪರ್ಮಿಟ್ಟು ಮಾಡಿಸಿಕೊಟ್ಟವನು ನಾನು, ನಾಗಪತಿ. ಎಲ್ಲ ಆನ್‌ಲೈನ್ ಆಯಿತು ನೋಡಿ, ನನ್ನ ಅನ್ನಕ್ಕೆ ಕಲ್ಲು ಬಿತ್ತು. ನಲವತ್ತಾರನೇ ವಯಸ್ಸಿಗೆ ಕಾರವಾರ ಬಂದರಿನಲ್ಲಿ ಒಂದು ಶಿಪ್ ಏಜೆಂಟ್ ಕಂಪನಿಗೆ ಸೇರಿದೆ. ಗೆಳೆಯರು ಹಲ್ಲು ಕಿರಿದರು. "ಏನೋ ಮಾರಾಯ, ಲಾರಿ ಬಿಟ್ಟು ಹಡಗು ಹತ್ತಿದ್ಯಾ?" ಹತ್ತಿದೆ, ಏನೀಗ? ಕೆಲಸವೇನೂ ಬೇರೆಯಲ್ಲ. ಹಡಗು ಬರುವ ಮುಂಚೆ ಅದರ ಕಾಗದಗಳನ್ನು ಎಲ್ಲ ಕಚೇರಿಗೂ ಮುಟ್ಟಿಸಬೇಕು. ಬಂದ ಮೇಲೆ ನೀರು, ತರಕಾರಿ, ಡಾಕ್ಟರು, ಏನು ಬೇಕೋ ಒದಗಿಸಬೇಕು. ಹೇಳಿದ ದಿನ ಹೊರಡಿಸಬೇಕು. ಮೊದಲ ಮೂರು ತಿಂಗಳು ಪರೀಕ್ಷೆ. ಒಂದು ಹಡಗು ನಿನ್ನಿಂದ ತಡವಾದರೂ ಮನೆಗೆ ಹೋಗು ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು.

ನಾನೊಬ್ಬನೇ ನೋಡಿಕೊಂಡ ಮೊದಲ ಹಡಗು ಮಾರ್ಚ್‌ನಲ್ಲಿ ಬಂತು, ಆಫ್ರಿಕಾದ ಮೊಜಾಂಬಿಕ್‌ನಿಂದ. ಅದು ಹಿಂದೆ ಮುಟ್ಟಿದ ಹತ್ತು ಬಂದರುಗಳ ಪಟ್ಟಿ ಟೈಪ್ ಮಾಡಿದವನು ನಾನೇ. ಹಡಗಿನಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ ಎಂಬ ಫಾರಮ್ಮಿಗೆ, ಕ್ಯಾಪ್ಟನ್ ಕಳಿಸಿದ ಮೇಲ್ ನಂಬಿ, 'ಇಲ್ಲ' ಎಂದು ತುಂಬಿದವನೂ ನಾನೇ. ಹಡಗನ್ನು ದಕ್ಕೆಗೆ ಕಟ್ಟಿದ ಮೇಲೆ ಹತ್ತಿ ನೋಡಿದರೆ ಅಡುಗೆಯವನ ಕಣ್ಣು ಅರಿಶಿನ!

ಅವನ ಹೆಸರು ಕಾರ್ತಿಕ. ಶ್ರೀಕಾಕುಳಂ ಕಡೆಯವನು, ಮೂವತ್ತನಾಲ್ಕು ವರ್ಷ. ಹಡಗಿಗೆ ಸೇರುವ ಮುಂಚೆ ಬಳ್ಳಾರಿಯ ಹೋಟೆಲಿನಲ್ಲಿದ್ದನಂತೆ, ಕನ್ನಡ ಚೆನ್ನಾಗಿ ಬರುತ್ತಿತ್ತು. ಆರು ದಿನದಿಂದ ಮೈ ಸರಿಯಿಲ್ಲ ಎಂದ. ಕ್ಯಾಪ್ಟನ್ ನನ್ನನ್ನು ಬದಿಗೆ ಕರೆದು, ಫಾರಮ್ಮು ಕೊಟ್ಟಾಗಿದೆ, ಈಗ ಆಸ್ಪತ್ರೆ ಎಂದರೆ ಹಡಗು ನಿಲ್ಲುತ್ತದೆ, ಮೊದಲು ನಿನ್ನ ಕೆಲಸ ಹೋಗುತ್ತದೆ ಎಂದ. ಹೌದಲ್ಲ!

ನಮ್ಮ ಸಿದ್ದಾಪುರದ ಕಡೆಯವರಿಗೆ ಕಾಮಾಲೆ ಎಂದರೆ ಆಸ್ಪತ್ರೆ ನೆನಪಾಗುವುದೇ ಇಲ್ಲ. ಅದಕ್ಕೆ ಇಂಗ್ಲಿಷ್ ಮದ್ದೇ ಇಲ್ಲ ಎಂದು ಕೇಳುತ್ತ ಬೆಳೆದವರು ನಾವು. ನಾಟಿ ಮದ್ದು ಕೊಡುವ ತಿಮ್ಮಿ ಅಜ್ಜಿಯ ಸೊಪ್ಪಿನ ರಸ ಕುಡಿದು ನನ್ನ ಅಣ್ಣ ಎದ್ದು ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಾರ್ತಿಕನನ್ನು ಅವಳ ಹತ್ತಿರ ನಂಬಿಕೆಯಿಂದಲೇ ಕರೆದುಕೊಂಡು ಹೋದೆ, ಅದು ಸುಳ್ಳಲ್ಲ. ಬರೀ ನಂಬಿಕೆಯಿಂದ ಹೋದೆ ಎಂದರೆ ಮಾತ್ರ ಸುಳ್ಳು. ಹಡಗಿನಿಂದ ಇಳಿಯುವ ಪಾಸಿನಲ್ಲಿ 'ಪೇಟೆ ಕೆಲಸ' ಎಂದು ಬರೆದೆ.

ಸಂಜೆ ಘಟ್ಟ ಹತ್ತುವಾಗ ಕಾರ್ತಿಕ ಹಿಂದಿನ ಸೀಟಿನಲ್ಲಿ ಒರಗಿಕೊಂಡಿದ್ದ. "ಅಣ್ಣಾ, ಎಷ್ಟೋ ಏಜೆಂಟ್ರನ್ನ ನೋಡೀನಿ. ಕಾರು ಕಳಿಸ್ತಾರ, ಅಷ್ಟೇ. ಜತೆಗೆ ಬಂದೋನು ನೀನೇ ಮೊದಲು" ಎಂದ. ನನಗೆ ಹೆಮ್ಮೆಯಾಯಿತು. ಥೂ, ಹೆಮ್ಮೆಯಾಯಿತು ನನಗೆ!

ರಾತ್ರಿ ಶಿರಸಿಯಲ್ಲಿ ನನ್ನ ಮನೆಯಲ್ಲೇ ಮಲಗಿದ. ಎರಡು ಕಂಬಳಿ ಹೊದ್ದರೂ ಅವನ ಹಲ್ಲು ಕಟಕಟ ಎನ್ನುವುದು ಒಳಕೋಣೆಗೆ ಕೇಳುತ್ತಿತ್ತು. ಬೆಳಗಿನ ಜಾವ ಎಬ್ಬಿಸಿ ಜ್ವರದ ಎರಡು ಮಾತ್ರೆ ನುಂಗಿಸಿದೆ. ಅಜ್ಜಿಯ ಮದ್ದಿಗೆ ಒಂದು ಕಟ್ಟಳೆ ಇದೆ. ಎದ್ದಲ್ಲಿಂದ ಮದ್ದು ಕುಡಿಯುವ ತನಕ ರೋಗಿ ಬಾಯಿ ಬಿಡಬಾರದು. ಅಜ್ಜಿ ಕೇಳಿದ್ದಕ್ಕೆ ಕರೆತಂದವರು ಉತ್ತರ ಹೇಳಬೇಕು. ಕಾರ್ತಿಕನಿಗೆ ಹೇಳಿದೆ. ಪಾಪ, ಅಚ್ಚುಕಟ್ಟಾಗಿ ಪಾಲಿಸಿದ. ದಾರಿಯಲ್ಲಿ ನೀರನ್ನೂ ಕೈಸನ್ನೆಯಲ್ಲೇ ಕೇಳಿದ.

ಸಿದ್ದಾಪುರ ದಾಟಿ ಅಜ್ಜಿಯ ಅಂಗಳ ಮುಟ್ಟುವಾಗ ಆಗಷ್ಟೇ ಬೆಳಕು ಹರಿದಿತ್ತು. ಅಜ್ಜಿ ಅವನ ಕಣ್ಣು ಬಿಡಿಸಿ ನೋಡಿದಳು, ಉಗುರು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ತಮಾ, ಇವಂಗೆ ಜ್ವರ ಬಂದದ್ಯಾ? ಜ್ವರ ಇದ್ರೆ ನಾ ಮದ್ದು ಕೊಡುದಿಲ್ಲ. ಸೀದಾ ದವಾಖಾನಿಗೆ ಕರ್ಕಂಡ್ ಹೋಗು."

ಕಾರ್ತಿಕ ನನ್ನನ್ನು ನೋಡಿದ. ಕೈಯೆತ್ತಿ ತನ್ನ ಹಣೆ ತೋರಿಸಲು ಹೊರಟ. ಆ ಕೈಯನ್ನು ನಾನು ಮೆಲ್ಲಗೆ ಹಿಡಿದುಕೊಂಡೆ.

"ಜ್ವರ ಗಿರ ಎಂತದೂ ಇಲ್ಲ ಅಜ್ಜಿ."

ಅಜ್ಜಿ ಅವನ ಕುತ್ತಿಗೆ ಮುಟ್ಟಿದಳು. ಮಾತ್ರೆಯ ಬಲಕ್ಕೆ ಮೈ ಬೆವರಿ ತಣ್ಣಗಾಗಿತ್ತು. "ಬೆವರ್ತಾ ಇದ್ನಲ್ಲಾ" ಎಂದಳು. "ಕಾರಲ್ಲಿ ಸೆಕೆ" ಎಂದೆ. ಅಜ್ಜಿ ಒಳಗೆ ಹೋಗಿ ಸೊಪ್ಪು ಅರೆದು ರಸ ತಂದಳು. ಕಾರ್ತಿಕ ಒಂದೇ ಗುಟುಕಿಗೆ ಕುಡಿದು ಮುಖ ಕಿವುಚಿದ. "ಭಾಳ ಕಹಿ ಐತಣ್ಣ" ಎಂದು ನಕ್ಕ.

ಕಾನಸೂರು ದಾಟುವಷ್ಟರಲ್ಲಿ ಅವನ ಕೈಕಾಲು ಸೆಟೆದುಕೊಂಡು ಬಾಯಲ್ಲಿ ನೊರೆ ಬಂತು. ಶಿರಸಿಯ ಆಸ್ಪತ್ರೆಗೆ ಹೇಗೆ ಕಾರು ಓಡಿಸಿದೆನೋ ದೇವರೇ ಬಲ್ಲ. ಹಡಗಿನವನು ಎಂದೆ. ಯಾವ ದೇಶದಿಂದ ಬಂದ ಹಡಗು ಎಂದು ಡಾಕ್ಟರಮ್ಮ ಕೇಳಿದರು. ಆಫ್ರಿಕಾ ಎಂದದ್ದೇ ಅವರ ಮುಖ ಬದಲಾಯಿತು. ರಕ್ತ ನೋಡಿದರು. ಮಲೇರಿಯಾ, ಮೆದುಳಿಗೆ ಏರಿತ್ತು. "ನಿನ್ನೆ ತಂದಿದ್ದರೆ ಉಳಿಸಬಹುದಿತ್ತಲ್ರೀ!" ಎಂದು ರೇಗಿದರು. ನಿನ್ನೆ ನಾನು ಪಾಸ್ ಬರೆಯುತ್ತಿದ್ದೆ. ಹುಬ್ಬಳ್ಳಿಗೆ ಒಯ್ಯಲು ಆಂಬುಲೆನ್ಸ್ ಬಂತು. ಬೇಗ ತಿರುಗಿಸೋ ಎಂದು ಡ್ರೈವರನ ಮೇಲೆ ಕೂಗಾಡಿದೆ, ತಪ್ಪೆಲ್ಲ ಅವನದೇ ಎಂಬ ಹಾಗೆ. ಸ್ಟ್ರೆಚರಿಗೆ ಎತ್ತುವ ಮುಂಚೆಯೇ ಕಾರ್ತಿಕ ಹೋಗಿಬಿಟ್ಟ.

ಹಡಗು ಹೇಳಿದ ದಿನವೇ ಹೊರಟಿತು. ಬದಲಿ ಅಡುಗೆಯವನನ್ನು ಒದಗಿಸಿದವನೂ ನಾನೇ. ಮ್ಯಾನೇಜರ್ ಫೋನಿನಲ್ಲಿ ಸಮಾಧಾನವಾಗಿಯೇ ಹೇಳಿದರು: "ಪೊಲೀಸರು ಕೇಳಿದರೆ, ನಾಟಿ ಮದ್ದಿಗೆ ಅವನೇ ಹಟ ಹಿಡಿದ ಅನ್ನು. ಜ್ವರದ ವಿಷಯ ನಿನಗೆ ಗೊತ್ತೇ ಇರಲಿಲ್ಲ."

ಮೂರನೇ ದಿನ ಪೊಲೀಸರು ನನ್ನನ್ನೂ ಕೂರಿಸಿಕೊಂಡು ಅಜ್ಜಿಯ ಮನೆಗೆ ಹೋದರು. ಜ್ವರದವನಿಗೆ ಮದ್ದು ಯಾಕೆ ಕೊಟ್ಟೆ ಎಂದು ಎಸ್‌ಐ ಗದರಿದರೂ ಅಜ್ಜಿ ಹೆದರಲಿಲ್ಲ. ನೇರ ಬಂದು ನನ್ನ ಅಂಗಿಯ ತೋಳು ಹಿಡಿದಳು.

"ಇವ್ನ ಹತ್ರ ಕೇಳಿದ್ದೆ ಸಾಯ್ಬ್ರೆ. ಜ್ವರ ಇದ್ಯಾ ಅಂತ ಕೇಳದೇ ನಾ ಯಾರಿಗೂ ಕೊಟ್ಟವ್ಳಲ್ಲ. ಹೇಳಾ ತಮಾ, ಹೇಳು ಇವ್ರಿಗೆ."

"ಏನ್ರೀ, ಕೇಳಿದ್ರಾ ಇವ್ರು?" ಎಂದರು ಎಸ್‌ಐ.

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು, ಧೈರ್ಯವಾಗಿ. ನಾನು ಹೌದು ಎನ್ನುತ್ತೇನೆ ಎಂಬುದರಲ್ಲಿ ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ.

"ಇಲ್ಲ ಸರ್" ಎಂದೆ. "ಏನೂ ಕೇಳ್ಲಿಲ್ಲ. ಹೋದ ಕೂಡ್ಲೆ ಕುಡಿಸಿಬಿಟ್ರು."

ಈಗ ಶಾಪ ಹಾಕುತ್ತಾಳೆ, ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡೆ. ಉಗಿದಿದ್ದರೆ ಒರೆಸಿಕೊಂಡು ಬದುಕುತ್ತಿದ್ದೆ. ಅಜ್ಜಿ ಅಂಗಿ ಬಿಟ್ಟಳು. ಜಗಲಿಯ ಮೇಲೆ ಕೂತು, ನೆಲ ನೋಡುತ್ತ, ಬಹಳ ಹೊತ್ತು ಏನೋ ನೆನಪು ಮಾಡಿಕೊಂಡಳು.

"ವಯಸ್ಸಾಯ್ತು ಸಾಯ್ಬ್ರೆ" ಎಂದಳು ಕೊನೆಗೆ. "ತಮ ಯಾಕೆ ಸುಳ್ಳು ಹೇಳ್ತ? ನಾನೇ ಕೇಳುಕೆ ಮರ್ತಿದ್ದೆ ಕಾಣ್ತದೆ." ಹಾಗೆಂದು, ಶಾಯಿ ಹಚ್ಚಿಸಿಕೊಳ್ಳಲು ಹೆಬ್ಬೆರಳು ಚಾಚಿದಳು.