ಮೊಳೆಗೆ ನೇತುಹಾಕಿದ ಪಾಸ್‌ವರ್ಡ್

ಹೊಸ ಸರ್ವರ್ ಬಂದ ದಿನ ಅದಕ್ಕೆ ಕುಂಕುಮ ಇಟ್ಟವರು ಬೈರಣ್ಣ, ಪಾಸ್‌ವರ್ಡ್ ಇಟ್ಟವನು ನಾನು. ಎರಡರಲ್ಲಿ ಕುಂಕುಮವೇ ಹೆಚ್ಚು ದಿನ ಉಳಿಯಿತು.

ಸುದ್ದಗುಂಟೆಪಾಳ್ಯದಲ್ಲಿ ಬೈರಣ್ಣನವರದು ನಾಲ್ಕು ಅಂತಸ್ತಿನ ಕಟ್ಟಡ. ಮೇಲೆಲ್ಲ ಬಾಡಿಗೆದಾರರು, ಕೆಳಗೆ ರಸ್ತೆಯ ಕಡೆಗೆ ಅವರ ರಕ್ತಪರೀಕ್ಷೆಯ ಲ್ಯಾಬ್, ಹಿಂಬದಿಯಲ್ಲಿ ಅವರ ಮನೆ. ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಸೇರಿ ಐದು ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗ ಬನ್ನೇರುಘಟ್ಟ ರಸ್ತೆಯ ಒಂದು ಕಂಪನಿ ತನ್ನ ಸಾವಿರದ ನೂರು ಜನರ ವಾರ್ಷಿಕ ತಪಾಸಣೆಯನ್ನು ನಮಗೆ ಕೊಡಲು ಮುಂದೆ ಬಂತು. ಅವರದು ಒಂದೇ ಷರತ್ತು: ರಿಪೋರ್ಟುಗಳನ್ನು ಯಾರು ಯಾರು ನೋಡಬಹುದು ಎಂಬುದನ್ನು ಅವರ ಕಡೆಯವರು ಬಂದು ಪರಿಶೀಲಿಸಬೇಕು.

"ಅದ್ರಲ್ಲಿ ಪಾಸಾದ್ರೆ ನಿನ್ನ ಪರ್ಮನೆಂಟ್ ಮಾಡ್ತೀನಿ ಚೈತನ್ಯ," ಎಂದರು ಬೈರಣ್ಣ.

"ಇಲ್ಲಾಂದ್ರೆ ಸಾರ್?"

"ಇಲ್ಲಾಂದ್ರೆ ನೋಡೋಣ."

ಬೈರಣ್ಣನವರ ಬಾಯಲ್ಲಿ 'ನೋಡೋಣ' ಎಂದರೆ 'ಇಲ್ಲ'. ನಲ್ಲಿ ರಿಪೇರಿ ಕೇಳಿದ ಯಾವ ಬಾಡಿಗೆದಾರರಿಗೂ ಇದು ಗೊತ್ತು.

ಷರತ್ತಿನಲ್ಲಿ ಅರ್ಥವಿತ್ತು. ಹಳೆಯ ಕಂಪ್ಯೂಟರಿನಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಎರಡನೇ ಮಹಡಿಯ ಹುಡುಗನಿಗೆ ಶುಗರ್ ಇರುವುದು ಅವನಿಗಿಂತ ಮೊದಲು ಎದುರಿನ ಬೇಕರಿಗೆ ಗೊತ್ತಾಗಿತ್ತು.

ಹೊಸ ಡೇಟಾಬೇಸ್ ಸರ್ವರ್ ಎಂದರೆ ಆಗ ತಾನೇ ಕಟ್ಟಿ ಮುಗಿಸಿದ ಮನೆ. ಬಾಗಿಲುಗಳಿರುತ್ತವೆ, ಬೀಗಗಳಿರುವುದಿಲ್ಲ. ನಾನು ಒಳಗೆ ಹೋಗಿ ನೋಡಿದಾಗ ಹೆಸರೇ ಇಲ್ಲದ ಎರಡು ಖಾತೆಗಳಿದ್ದವು; ಯಾರು ಬೇಕಾದರೂ ಅವುಗಳ ಮೂಲಕ ಒಳಗೆ ಬರಬಹುದಿತ್ತು. ಅಳಿಸಿದೆ. 'ರೂಟ್' ಎಂಬ ಖಾತೆ ಎಲ್ಲವನ್ನೂ ನೋಡಬಲ್ಲದು, ತಿದ್ದಬಲ್ಲದು, ಅಳಿಸಬಲ್ಲದು. ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ. ಇಪ್ಪತ್ತೆರಡು ಅಕ್ಷರದ ಒಂದು ಪಾಸ್‌ವರ್ಡ್ ಇಟ್ಟೆ. ಸರ್ವರಿನ ಮುಂದೆ ಕೂತವರು ಮಾತ್ರ ರೂಟ್ ಆಗಬಹುದು ಎಂದು ಕಟ್ಟುಪಾಡು ಮಾಡಿದೆ. ಸರ್ವರ್ ಇದ್ದದ್ದು ಟೆಕ್ನಿಷಿಯನ್ ಸಂಗೀತಾ ಅವರ ಸ್ಯಾಂಪಲ್ ಫ್ರಿಜ್ಜಿನ ಪಕ್ಕದಲ್ಲಿ. ಅದರ ಮುಂದೆ ದಿನವಿಡೀ ಕೂರುತ್ತಿದ್ದವರು ಅವರೇ ಎಂಬುದು ನನಗೆ ಹೊಳೆಯಲಿಲ್ಲ.

ಒಬ್ಬೊಬ್ಬರಿಗೂ ಒಂದೊಂದು ಖಾತೆ ಮಾಡಿದೆ. ಸಂಗೀತಾ ಫಲಿತಾಂಶ ನಮೂದಿಸಬಹುದು, ಆಮೇಲೆ ತಿದ್ದುವಂತಿಲ್ಲ. ಕೌಂಟರಿನ ಶಿವಕಿರಣ್ ಹೆಸರು, ವಯಸ್ಸು ಬರೆದುಕೊಳ್ಳಬಹುದು, ಆಮೇಲೆ ಬದಲಿಸುವಂತಿಲ್ಲ. ತಿದ್ದಬೇಕಾದರೆ ನನ್ನನ್ನು ಕೇಳಬೇಕು. ಮೂರು ಸಲ ಪಾಸ್‌ವರ್ಡ್ ತಪ್ಪಾದರೆ ಖಾತೆಗೆ ಬೀಗ.

ಲ್ಯಾಬ್ ತೆರೆಯುತ್ತಿದ್ದುದು ಬೆಳಿಗ್ಗೆ ಆರೂವರೆಗೆ. ನಾನು ಬರುತ್ತಿದ್ದುದು ಹತ್ತಕ್ಕೆ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವಷ್ಟು ಬುದ್ಧಿ ನನಗಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ರೂಟ್ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಕವರಿನಲ್ಲಿಟ್ಟು ಮುಚ್ಚಿ, ಮಾಲೀಕರ ಕೈಗೆ ಕೊಡಬೇಕೆಂದು ಎಲ್ಲೋ ಓದಿದ್ದೆ. ನಾನು ಬಿಎಂಟಿಸಿ ಬಸ್ಸಿನಡಿ ಸಿಕ್ಕಿಕೊಂಡರೂ ಲ್ಯಾಬ್ ನಡೆಯಬೇಕಲ್ಲ. ಕವರಿಗೆ ಟೇಪ್ ಅಂಟಿಸಿ, ಟೇಪಿನ ಮೇಲೆ ಸಹಿ ಹಾಕಿ, ಗಂಭೀರ ಮುಖ ಮಾಡಿಕೊಂಡು ಬೈರಣ್ಣನವರಿಗೆ ಕೊಟ್ಟೆ. ಅವರು ಅದನ್ನು ನೇರವಾಗಿ ತಮ್ಮ ತಾಯಿಗೆ ಕೊಟ್ಟರು.

ಆ ಮನೆಯ ಪದ್ಧತಿಯೇ ಹಾಗೆ. ಅಲ್ಲೆಲ್ಲ ರಾಗಿ ಹೊಲವಿದ್ದ ಕಾಲದಿಂದಲೂ ಬೀಗದ ಕೈಗಳೆಲ್ಲ ಮುನಿವೆಂಕಟಮ್ಮನವರ ಬಳಿ. ಲ್ಯಾಬಿಗೂ ಮನೆಗೂ ನಡುವಿನ ಓಣಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರು ಕೂತಿರುತ್ತಾರೆ. ತಲೆಯ ಮೇಲೆ ಗೋಡೆಗೆ ಒಂದು ಹಲಗೆ, ಹಲಗೆಗೆ ಸಾಲು ಮೊಳೆಗಳು: ಬೋರ್‌ವೆಲ್ ಮೋಟಾರು, ಟೆರೇಸು, ಬಾಡಿಗೆದಾರರ ಎರಡನೇ ಕೀಲಿಗಳು. ಯಾರು ಬೇಕಾದರೂ ಮುಖ ತೋರಿಸಿ, ಕೆಲಸ ಹೇಳಿ ತೆಗೆದುಕೊಳ್ಳಬಹುದು. ದೀಪ ಹಚ್ಚುವುದರೊಳಗೆ ವಾಪಸು ನೇತುಹಾಕಬೇಕು, ಅಷ್ಟೇ. ಅಜ್ಜಿ ನನ್ನ ಕವರಿನ ಮೂಲೆಗೆ ತೂತು ಮಾಡಿ, ದಾರ ಪೋಣಿಸಿ, ಟೆರೇಸಿನ ಕೀಲಿಯ ಪಕ್ಕದ ಮೊಳೆಗೆ ಹಾಕಿದ್ದರು.

"ಅಜ್ಜಿ, ಇದು ಬೀಗದ ಕೈ ಅಲ್ಲ."

"ಮತ್ತಿನ್ನೇನಪ್ಪಾ?"

"ಪಾಸ್‌ವರ್ಡು."

"ಅದ್ರಿಂದ ಏನ್ ತೆಗೀತಾರೆ?"

"ಸರ್ವರು."

"ತೆಗ್ಯೋದೇ ಆದ್ರೆ ಬೀಗದ ಕೈನೇ ಅಲ್ವಾ? ಓದ್ದೋನು ನೀನು, ನಾನ್ ಹೇಳ್ಬೇಕಾ?"

ಬೈರಣ್ಣನವರಿಗೆ ದೂರು ಕೊಡೋಣವೆಂದುಕೊಂಡೆ. ಆದರೆ ಮರುದಿನವೇ ನನ್ನ ಖಾತೆಯ ಪಾಸ್‌ವರ್ಡನ್ನು ಮೂರು ಸಲ ತಪ್ಪು ಹೊಡೆದೆ. ಬೀಗ ಬಿತ್ತು. ಅದನ್ನು ತೆಗೆಯಲು ರೂಟ್ ಬೇಕು. ಆ ಇಪ್ಪತ್ತೆರಡು ಅಕ್ಷರಗಳಲ್ಲಿ ನನಗೆ ನೆನಪಿದ್ದುದು ಒಂಬತ್ತು.

ಓಣಿಗೆ ಹೋಗಿ ಕವರ್ ಇಳಿಸಿಕೊಂಡೆ. ನನ್ನ ಕವರನ್ನು ನಾನೇ ಒಡೆದರೆ ಅದು ಒಡೆದ ಲೆಕ್ಕವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕೆಲಸ ಮುಗಿಸಿ ಅದೇ ಟೇಪನ್ನು ಮತ್ತೆ ಒತ್ತಿದೆ. ಟೇಪು ಎರಡನೇ ಸಲ ಅಷ್ಟು ಚೆನ್ನಾಗಿ ಅಂಟುವುದಿಲ್ಲ. ಆಮೇಲೆ ದೂರು ಕೊಡುವ ಮಾತು ನಾನು ಎತ್ತಲಿಲ್ಲ.

ಮೂರು ವಾರದ ನಂತರ ಕಂಪನಿಯ ಕಡೆಯಿಂದ ಸುರಭಿ ಎಂಬವರು ಬಂದರು. ನನ್ನದೇ ವಯಸ್ಸು, ಹಣೆಯಲ್ಲಿ ಒಂದು ಗೆರೆಯೂ ಇಲ್ಲ. ಹೆಸರಿಲ್ಲದ ಖಾತೆಗಳಿವೆಯೇ ಎಂದು ಕೇಳಿದರು. ಇರಲಿಲ್ಲ. ಪಾಸ್‌ವರ್ಡ್ ಇಲ್ಲದವು? ಇರಲಿಲ್ಲ. ಕೌಂಟರಿನಿಂದ ಯಾರದಾದರೂ ಫಲಿತಾಂಶ ತೆರೆದು ತೋರಿಸಿ ಎಂದರು. ಶಿವಕಿರಣ್ ಪ್ರಯತ್ನಿಸಿದ, ಆಗಲಿಲ್ಲ. "ನೀಟಾಗ್ ಮಾಡಿದೀರ," ಎಂದರು. ಬಾಗಿಲಲ್ಲಿ ನಿಂತಿದ್ದ ಬೈರಣ್ಣ ನನ್ನತ್ತ ನೋಡಿ ತಲೆದೂಗಿದರು. ಆ ಕ್ಷಣದಲ್ಲಿ ನಾನು ಕಾಯಂ ನೌಕರನಾಗಿದ್ದೆ. ಮನಸ್ಸಿನಲ್ಲೇ ಬಿಟಿಎಮ್ಮಿನ ಪಿಜಿ ಬಿಟ್ಟು ಸಿಂಗಲ್ ರೂಮಿಗೂ ಹೋಗಿದ್ದೆ.

"ಮೂರು ವಾರದಲ್ಲಿ ರೂಟ್ ಎಷ್ಟು ಸಲ ಬಳಸಿದೀರ, ತೋರಿಸಿ."

ತೋರಿಸಿದೆ. ಹದಿನೇಳು ಸಲ.

"ಇದೆಲ್ಲ ಯಾರು?"

"ರೂಟ್, ಮೇಡಂ."

"ರೂಟ್ ಅನ್ನೋರು ಯಾರಾದ್ರೂ ಇಲ್ಲಿ ಕೆಲಸ ಮಾಡ್ತಾರಾ?"

"ಇಲ್ಲ ಮೇಡಂ."

"ಹಂಗಾದ್ರೆ ಪ್ರತಿ ಸಲಕ್ಕೂ ಒಬ್ಬ ಮನುಷ್ಯರ ಹೆಸರು ಬೇಕು."

ನಾನು ಮಾಡಬಾರದ್ದನ್ನು ಮಾಡಿದೆ. ಎದ್ದು ನಿಂತು, ಸಂಗೀತಾ ಮತ್ತು ಶಿವಕಿರಣ್ ಕಡೆ ತಿರುಗಿ, ಹೆಡ್‌ಮಾಸ್ತರರ ದನಿಯಲ್ಲಿ, "ಸೀಲ್ ಮಾಡಿದ್ ಕವರ್ ಒಡೆದಿದ್ ಯಾರು?" ಎಂದು ಕೇಳಿದೆ.

"ನೀನೇ ಕಣಪ್ಪಾ," ಎಂದಿತು ಓಣಿಯಿಂದ ಅಜ್ಜಿಯ ದನಿ.

ಸುರಭಿ ಲ್ಯಾಪ್‌ಟಾಪ್ ಎತ್ತಿಕೊಂಡು ಓಣಿಗೆ ನಡೆದರು. ಹಿಂದೆ ನಾವೆಲ್ಲ.

"ನಾನ್ ಪೋಣಿಸ್ದ ಮಾರ್ನೇ ದಿನಾನೇ ಬಂದು ಪರ್ ಅಂತ ಕಿತ್ತ," ಎಂದರು ಮುನಿವೆಂಕಟಮ್ಮ. ಆಮೇಲೆ ಸಂಗೀತಾ ಕಡೆ ಕೈ ಮಾಡಿದರು. "ಆಮ್ಯಾಕೆ ಅಮಾಸೆ ದಿನ ಈವಮ್ಮ ತಗೊಂಡ್ಳು, ಹೊತ್ತು ಹುಟ್ಟೋವಾಗ. ನೀರಿನ ಟ್ಯಾಂಕರ್ ಬಂದ್ ದಿನ ಶಿವಕಿರಣ. ಅವತ್ತೇ ಮಧ್ಯಾಹ್ನ ಮತ್ತೆ ಇವ್ನು."

ಸುರಭಿ ಗೋಡೆಯ ಕ್ಯಾಲೆಂಡರ್ ತರಿಸಿಕೊಂಡು ಒಂದೊಂದನ್ನೂ ದಾಖಲೆಯ ದಿನಾಂಕದೊಂದಿಗೆ ಹೊಂದಿಸಿದರು. ಹದಿನೇಳೂ ತಾಳೆಯಾದವು. ಸಂಗೀತಾ ಆರು, ಶಿವಕಿರಣ್ ಮೂರು, ನಾನು ಎಂಟು.

"ನೀವ್ಯಾಕೆ ತಗೊಂಡ್ರಿ?" ಎಂದು ಸಂಗೀತಾರನ್ನು ಕೇಳಿದರು.

"ಮೆಷಿನ್ ಹಿಮೋಗ್ಲೋಬಿನ್ ತಪ್ಪು ಕೊಟ್ಟಿತ್ತು. ಇನ್ನೊಂದ್ ಸಲ ಮಾಡಿ ಸರಿ ಹಾಕ್ಬೇಕಿತ್ತು. ಪೇಷೆಂಟ್‌ಗೆ ಎಂಟ್ ಗಂಟೆಗೆ ಡಾಕ್ಟ್ರು, ಈ ಸಾಹೇಬ್ರು ಬರೋದ್ ಹತ್ತಕ್ಕೆ. ತಪ್ಪು ರಿಪೋರ್ಟ್ ಕೊಟ್ ಕಳಿಸ್ಲಾ ಮೇಡಂ?"

ಸುರಭಿ ನನ್ನ ಕಡೆ ತಿರುಗಿದರು. "ನಿಮಗೆ ನಿಮ್ದೇ ಅಕೌಂಟ್ ಇದ್ಯಲ್ಲ, ಎಂಟ್ ಸಲ ಯಾಕೆ?"

"ಲಾಕ್ ಆಗ್ತಿತ್ತು."

"ಯಾಕೆ?"

"ಮೂರು ಸಲ ತಪ್ಪಾದ್ರೆ ಲಾಕ್ ಆಗೋ ಹಂಗೆ ಮಾಡಿದಾರೆ ಮೇಡಂ."

"ಯಾರು ಮಾಡಿದಾರೆ?"

ಶಿವಕಿರಣ್ ಕೆಮ್ಮಿದ. ನಾನು ನೆಲ ನೋಡಿದೆ. "ನಾನೇ."

"ಹೆಸರೆಲ್ಲ ಸಿಕ್ತಲ್ಲ ಮೇಡಂ, ಸಾಕಲ್ವಾ?" ಎಂದರು ಬೈರಣ್ಣ ಆಸೆಯಿಂದ.

"ಅಜ್ಜಿ ಲೆಕ್ಕ ಸರಿಯಾಗಿದೆ ಸಾರ್. ಆದ್ರೆ ಕೇಳಿದೋರಿಗೆಲ್ಲ ಕೊಟ್ಟಿದ್ದೂ ಅವ್ರೇ." ಅಜ್ಜಿಯ ಕಡೆ ತಿರುಗಿ, "ಬೇಜಾರ್ ಮಾಡ್ಕೋಬೇಡಿ ಅಜ್ಜಿ," ಎಂದರು.

"ನಂಗ್ಯಾಕವ್ವಾ ಬೇಜಾರು? ವಾಪ್ಸು ಹಾಕವ್ರಲ್ಲ ಎಲ್ರೂವೆ."

ಈ ಸಲಕ್ಕೆ ಆಗುವುದಿಲ್ಲ, ಆರು ವಾರ ಬಿಟ್ಟು ಮತ್ತೆ ಬಂದು ನೋಡುತ್ತೇನೆ ಎಂದು ಹೇಳಿ ಸುರಭಿ ಹೊರಟರು. ಬೈರಣ್ಣ ನನ್ನತ್ತ ತಿರುಗಿದರು. ನಾನು ಕೇಳಲಿಲ್ಲ, ಆದರೂ ಅವರು "ನೋಡೋಣ" ಎಂದರು.

ಆ ವಾರ ರೂಟ್ ಪಾಸ್‌ವರ್ಡ್ ಬದಲಿಸಿ, ಹೊಸ ಕವರನ್ನು ಬೈರಣ್ಣನವರ ಬೀರುವಿನಲ್ಲಿ ಇಡಿಸಿದೆ. ದಿನದ ತಿದ್ದುಪಡಿಗೆ ರೂಟ್ ಬೇಕಾಗದಂತೆ ಮಾಡಿದೆ: ಇನ್ನು ಮುಂದೆ ಯಾರು ತಿದ್ದಿದರೂ ಅವರದೇ ಹೆಸರಿನಲ್ಲಿ, ಇನ್ನೊಬ್ಬರು ಒಪ್ಪಿದ ಮೇಲೆ. ಆ ಒಪ್ಪಿಗೆ ಕೊಡುವವರು ಸಂಗೀತಾ, ಅವರ ತಿದ್ದುಪಡಿಗೆ ಶಿವಕಿರಣ್. ನನ್ನ ಖಾತೆಗೂ ಅದೇ ಕಟ್ಟುಪಾಡು. ನನ್ನನ್ನು ಹೊರಗಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಹದಿನೇಳರಲ್ಲಿ ಎಂಟು ನನ್ನವೇ ಎಂಬುದು ನೆನಪಾಗಿ ಸುಮ್ಮನಾದೆ. ಆರೂವರೆಗೆ ಬರಲು ಶುರುಮಾಡಿದೆ.

ಮೊದಲ ಸೋಮವಾರವೇ ಒಂದು ದಾಖಲೆ ಸರಿಪಡಿಸಬೇಕಾಯಿತು. ಒತ್ತಿದೆ, ಒಪ್ಪಿಗೆಗೆ ಕಾಯಿರಿ ಎಂದು ಬಂತು. ಎದ್ದು ಹೋಗಿ ರಕ್ತ ತೆಗೆಯುವ ಕೋಣೆಯ ಪರದೆ ಸರಿಸಿದೆ.

"ಸಂಗೀತಾ, ಒಂದ್ ಅಪ್ರೂವಲ್ ಬೇಕಿತ್ತು."

"ಹನ್ನೊಂದ್ ಜನ ಇದಾರೆ ಸಾರ್ ನಿಮ್ ಮುಂದೆ. ಹೋಗಿ ಕೂತ್ಕೊಳಿ."

ಬೆಂಚಿನಲ್ಲಿ ಒಂದೇ ಜಾಗ ಖಾಲಿ ಇತ್ತು. ಹೋಗಿ ಕೂತೆ. ಪಕ್ಕದಲ್ಲಿ ಮೊಣಕೈಗೆ ಹತ್ತಿ ಒತ್ತಿಕೊಂಡಿದ್ದ ಹಿರಿಯರೊಬ್ಬರು ನನ್ನ ಮುಖವನ್ನು ನೋಡಿದರು.

"ಖಾಲಿ ಹೊಟ್ಟೇನಾ?"

"ಹೂಂ ಅಂಕಲ್," ಎಂದೆ. ಅದು ನಿಜವೂ ಆಗಿತ್ತು.