ಬಿಡು ಅಂದರೆ

ವ್ಯಾನಿನವನು ಪಂಜರ ತೆಗೆದಾಗ ನಾಯಿಗಿಂತ ಮೊದಲು ಅದರ ವಾಸನೆ ಹೊರಗೆ ಬಂತು. ಕೀವು, ಔಷಧಿ, ಹಳೆಯ ರಕ್ತ. ಎಡಗಿವಿ ಇರಲಿಲ್ಲ. ಮೂತಿಯ ತುಂಬ ಹಲ್ಲಿನ ಗಾಯಗಳು, ಯಾರೋ ಅವಸರದಲ್ಲಿ ಹೊಲಿದು ಅರ್ಧಕ್ಕೇ ಎದ್ದುಹೋದ ಗೋಣಿಚೀಲದ ಹಾಗೆ. ಹಾಸಿಗೆ ಹೊಲಿಯುವ ಅಕ್ಕನ ಕಣ್ಣಿಗೆ ಮೊದಲು ಬಿದ್ದದ್ದು ಆ ಹೊಲಿಗೆಯೇ.

"ಬಾಜಿ ಕಟ್ಟಿ ನಾಯಿ ಕಾದಾಡಿಸೋರ ಹತ್ರ ಸಿಕ್ಕಿದ್ದು," ಎಂದ ಅವನು. ಪೆಟ್ಟು ತಿಂದ ನಾಯಿಗಳನ್ನು ತಂದು, ಖಾಯಂ ಮನೆ ಸಿಗುವವರೆಗೆ ಅವರಿವರ ಮನೆಯಲ್ಲಿ ಇರಿಸುವುದು ಅವನ ಕೆಲಸ. "ಕುತ್ತಿಗೆಪಟ್ಟಿ ಹಿಡ್ಕೊಂಡು ಎರಡನ್ನೂ ಮುಖಾಮುಖಿ ನಿಲ್ಲಿಸ್ತಾರೆ, ಜನ ಬಾಜಿ ಕಟ್ಟಿ ಮುಗಿಸೋವರೆಗೂ. ಆಮೇಲೆ ಶುರು. ಇದನ್ನ ಎರಡು ಮನೇಲಿ ಇಟ್ಟು ನೋಡ್ದೆ. ಎರಡು ಕಡೆನೂ ಕಚ್ಚಿ ವಾಪಸ್ ಬಂತು. ನಿಮ್ಮನೇಲೂ ಬಾಯಿ ಹಾಕಿದ್ರೆ ಮುಗೀತು ಅಕ್ಕ, ಡಾಕ್ಟರ ಸೂಜಿನೇ ಗತಿ."

ಅಕ್ಕ ಇದುವರೆಗೆ ಇಟ್ಟುಕೊಂಡದ್ದು ಕಜ್ಜಿ ಮರಿಗಳನ್ನು, ಕುಂಟು ಮುದಿನಾಯಿಗಳನ್ನು. ಇದು ಬೇರೆ ಜಾತಿಯ ಕೆಲಸ ಎಂದು ಗೊತ್ತಿದ್ದೇ ಹಗ್ಗ ಕೈಗೆ ತೆಗೆದುಕೊಂಡಳು.

ಹತ್ತಿ ಹಿಂಜುವ ಮಿಷಿನ್ನು ನಡೆಸುವ ಅವಳ ತಮ್ಮ ಅದಕ್ಕೆ ಆ ದಿನವೇ ಹೆಸರಿಟ್ಟ. "ಊಟಕ್ಕೆ ಕೂತಾಗ ಗುರಾಯಿಸೋದು ನೋಡಕ್ಕ. ಥೇಟ್ ನಮ್ಮ ಭಾವ!"

"ನಿಮ್ಮ ಭಾವ ಇಷ್ಟು ಚೊಕ್ಕವಾಗಿ ತಟ್ಟೆ ಖಾಲಿ ಮಾಡ್ತಿರಲಿಲ್ಲ," ಎಂದಳು ಅಕ್ಕ. ಗಂಡ ಮನೆ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು, ನಗಲು ಅಡ್ಡಿಯಿರಲಿಲ್ಲ.

ಕೆಲವು ದಿನ ಭಾವ ಹತ್ತಿಮೂಟೆಗಳ ಹಿಂದೆ ಬಿದ್ದುಕೊಂಡಿತು. ಆಮೇಲೆ ಅಕ್ಕನ ಅಂಗೈಯಿಂದ ತಿಂದಿತು. ಅದಾದ ಮೇಲೆ ಒಂದು ಮಧ್ಯಾಹ್ನ ಮಿಷಿನ್ನು ಗರಗರ ಅನ್ನುತ್ತಿದ್ದಾಗ, ಹಾಸಿಗೆ ಬಟ್ಟೆಯ ತುದಿ ಕಚ್ಚಿಕೊಂಡು ಆಟಕ್ಕೆ ಬಂತು. ಬಾಲ ಕೂಡ ಅಲ್ಲಾಡಿತು. ತಮ್ಮ ಇನ್ನೊಂದು ತುದಿ ಹಿಡಿದು ನಗುತ್ತ ಎಳೆದ.

"ಬಿಡು ಭಾವ, ಗಿರಾಕಿ ಬರೋ ಹೊತ್ತು. ಬಿಡು!"

ನಾಯಿ ಬಟ್ಟೆ ಬಿಟ್ಟಿತು. ಅವನ ಮುಂಗೈ ಹಿಡಿಯಿತು.

ಒದ್ದೆ ಬಟ್ಟೆ ಹರಿದಂತೆ ಸದ್ದಾಯಿತು, ಹಿಂದೆಯೇ ಮೂಳೆ ಲಟಕ್ಕೆಂದಿತು. ತಮ್ಮ ಹತ್ತಿಯ ರಾಶಿಗೆ ಬಿದ್ದ. ನಾಯಿ ಅವನನ್ನು ಅತ್ತಿತ್ತ ಒದರಿತು. ಬಿಳಿ ಹತ್ತಿ ಗಟಗಟ ರಕ್ತ ಕುಡಿಯಿತು. "ಬಿಡು! ಅಯ್ಯೋ, ಬಿಡು!" ಅವನು ಕಿರುಚಿದ. ಅಕ್ಕನೂ ಕಿರುಚಿದಳು, ಹತ್ತಿ ಬಡಿಯುವ ಕೋಲಿನಿಂದ ಅದರ ಬೆನ್ನಿಗೆ ಬಾರಿಸಿದಳು. ಕೋಲು ಮುರಿಯಿತೇ ಹೊರತು ಹಿಡಿತ ಸಡಿಲವಾಗಲಿಲ್ಲ.

ಪಕ್ಕದ ಶೆಡ್ಡಿನ ವೆಲ್ಡಿಂಗಿನವನು ಕಬ್ಬಿಣದ ಸರಳು ಹಿಡಿದು ನುಗ್ಗಿದ. "ಬಿಡೋ! ಬಿಡೋ ದರಿದ್ರದ್ದೇ! ಅಕ್ಕ, ಸರ್ಕೊಳ್ಳಿ, ತಲೆ ಒಡೀತೀನಿ!"

ಆಗ ಅವಳು ನೋಡಿದಳು. ಅವನು ಕೂಗಿದಾಗೆಲ್ಲ ಭಾವನ ಒಂಟಿ ಕಿವಿ ನೆಟ್ಟಗಾಗುತ್ತಿತ್ತು, ದವಡೆ ಇನ್ನಷ್ಟು ಬಿಗಿಯುತ್ತಿತ್ತು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಕೆಲಸ ಸರಿಯಾಯಿತಾ ಎಂದು ಮೇಸ್ತ್ರಿಯ ಮುಖ ನೋಡುವ ಕೆಲಸಗಾರನ ಹಾಗೆ ಕೂಗಿದವನ ಮುಖವನ್ನೇ ನೋಡುತ್ತಿತ್ತು. ಕುತ್ತಿಗೆಪಟ್ಟಿ ಹಿಡಿದು ನಿಂತವರಿಗೆ ಆ ಅಖಾಡದಲ್ಲಿ ಏನೆಂದು ಕೂಗುತ್ತಾರೆ? ನಾಯಿ ಬಿಡು ಎಂದೇ ತಾನೇ? ಈ ಪ್ರಾಣಿಯ ಮಟ್ಟಿಗೆ ಆ ಮಾತಿಗೆ ಅರ್ಥ ಒಂದೇ. ಹರಿ.

"ಬಾಯಿ ಮುಚ್ಚಿ! ಇಬ್ರೂ ಬಾಯಿ ಮುಚ್ಚಿ!"

ತಮ್ಮ ತನ್ನ ತುಟಿಯನ್ನೇ ಕಚ್ಚಿಕೊಂಡ. ಅಕ್ಕ ಮಿಷಿನ್ನು ಆರಿಸಿದಳು. ನಿಲ್ಲಿಸುವುದಕ್ಕೂ ಒಂದು ಮಾತು ಇರಲೇಬೇಕು. ಗೆಲ್ಲುವ ನಾಯಿಯನ್ನು ಯಾರೂ ಸುಮ್ಮನೆ ಸಾಯಗೊಡುವುದಿಲ್ಲ.

"ಬೇಡ," ಎಂದಳು. ಇಲ್ಲ. "ಬಾ." ಇಲ್ಲ. "ಆಯ್ತು." ಕಿವಿ ಒಂದಿಷ್ಟು ಬಾಗಿತು. "ಸಾಕು."

ದವಡೆ ತೆರೆಯಿತು. ಭಾವ ಹಿಂದೆ ಸರಿದು ಕೂತಿತು, ಯಾರಾದರೂ ರಕ್ತ ಒರೆಸಲಿ ಎಂಬಂತೆ ಗದ್ದ ಎತ್ತಿತು.

ವೆಲ್ಡಿಂಗಿನವನು ಕಾಯುತ್ತಿದ್ದದ್ದು ಅದಕ್ಕೇ. ಸರಳು ಬೀಸಿದ. ತಲೆ ತಪ್ಪಿ ಹಿಂಗಾಲಿಗೆ ಬಿತ್ತು. ಕಾಲು ಇನ್ನೊಂದು ಕಡೆಗೆ ಮಡಚಿಕೊಂಡಿತು. ಎರಡನೆಯ ಏಟಿಗೆ ಅಕ್ಕ ಅಡ್ಡ ಬಿದ್ದಳು. ಅವಳ ಭುಜದೊಳಗೆ ಏನೋ ಮುರಿಯಿತು. ನಾಯಿ ಊಳಿಟ್ಟಿತು, ಆದರೆ ಅವಳ ಮುಖ ಹಲ್ಲಿನ ಪಕ್ಕದಲ್ಲೇ ಇದ್ದರೂ ಬಾಯಿ ಹಾಕಲಿಲ್ಲ. ಯಾರೂ ಹೇಳಿರಲಿಲ್ಲವಲ್ಲ.

"ಹುಚ್ಚಾ ನಿಮ್ಗೆ? ಮನುಷ್ಯರ ರಕ್ತದ ರುಚಿ ಹತ್ತಿದೆ ಅದಕ್ಕೆ!"

"ಅದನ್ನ ಕೊಲ್ಲೋದಾದ್ರೆ ಮೊದಲು ನಮ್ಮ ಮೂವರ ನಾಲಿಗೆ ಕುಯ್ಯಿ," ಎಂದಳು ಅಕ್ಕ, ಉಸಿರು ಕಟ್ಟಿ.

ಸುದ್ದಿ ತಿಳಿದು ವ್ಯಾನಿನವನು ಬಂದ. ಹತ್ತಿ ನೋಡಿದ, ಕೈ ನೋಡಿದ. ಉರುಳುಹಗ್ಗ ತೆಗೆದ.

"ಏನ್ ನೋಡ್ತೀಯ?" ಎಂದ ತಮ್ಮ, ಮುಖ ಸುಣ್ಣವಾಗಿತ್ತು. "ಕಚ್ಚು ಅಂದೆ, ಕಚ್ತು. ನನ್ನ ಮಾತು ಈ ಮನೇಲಿ ಅದೊಂದೇ ಕೇಳೋದು."

ಅಕ್ಕ ನಡೆದದ್ದನ್ನು ಹೇಳಿದಳು, ಆ ಮಾತನ್ನು ಮಾತ್ರ ಅವನ ಕಿವಿಯಲ್ಲಿ. ವ್ಯಾನಿನವನು ಉರುಳುಹಗ್ಗ ಕೆಳಗಿಟ್ಟ. "ಮೊದಲ ಮನೇಲಿ ಮಗು ಅಳ್ತಿತ್ತಂತೆ. ಹೋಗ್ಲಿ... ಅಂತ ಅಜ್ಜಿ ಸಮಾಧಾನ ಮಾಡಿದ್ರಂತೆ. ಅಜ್ಜಿಗೇ ಕಚ್ತು." ತಲೆ ಕೆರೆದುಕೊಂಡ. "ಆದ್ರೆ ಅಕ್ಕ, ಆ ಮಾತಿಲ್ಲದ ಮನೆ ಎಲ್ಲಿಂದ ತರೋಣ? ಬಾಯಿ ತೆಗೆದ್ರೆ ಅದೇ ಬರುತ್ತೆ."

"ಕೈ ಹೋಗಿರೋದು ನಿಂದು. ನೀನೇ ಹೇಳು," ಎಂದಳು ಅಕ್ಕ ತಮ್ಮನಿಗೆ.

ತಮ್ಮ ನಾಯಿಯ ಕಡೆ ನೋಡಿದ. ಮೂಳೆ ಹೊರಗೆ ಬಂದಿದ್ದ ಕಾಲನ್ನು ಅದು ನೆಕ್ಕುತ್ತಿತ್ತು.

"ಇರ್ಲಿ. ಮೂತಿಗೆ ಪಟ್ಟಿ ಹಾಕು. ಮೊದಲು ನನ್ನನ್ನ ಆಸ್ಪತ್ರೆಗೆ ಇಳಿಸು, ತಡ ಮಾಡಿದ್ರೆ ಮನಸ್ಸು ಬದಲಾಗುತ್ತೆ."

ಅಕ್ಕ ಹಾಸಿಗೆಯಂಚಿಗೆ ಹೊಲಿಯುವ ಲಾಡಿಯಿಂದ ನಾಯಿಯ ಮೂತಿ ಸುತ್ತಿದಳು. ವ್ಯಾನಿನವನು ಅದನ್ನೆತ್ತಿ ಒಳಗೆ ಮಲಗಿಸಿದ. ಅವಳು ವ್ಯಾನಿನಲ್ಲಿ ತಮ್ಮನಿಗೂ ನಾಯಿಗೂ ನಡುವೆ ನೆಲಕ್ಕೆ ಕೂತು, ನೆಟ್ಟಗಿದ್ದ ಒಂದೇ ಕೈಯಿಂದ ತಮ್ಮನ ಗಾಯ ಒತ್ತಿ ಹಿಡಿದಳು. ಹೊರಗೆ ಬೀದಿಯ ಜನವೆಲ್ಲ ವ್ಯಾನಿಗೆ ಅಡ್ಡ ನಿಂತಿತ್ತು.

ವ್ಯಾನಿನವನು ಜನರನ್ನು ದಾರಿಯಿಂದ ಸರಿಸಲು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿ ತೆರೆದ. ಹಾಗೇ ಮುಚ್ಚಿಕೊಂಡ. ಹಾರ್ನಿನ ಮೇಲೆ ಎರಡೂ ಕೈ ಊರಿ ಎದ್ದು ನಿಂತ.