ರಾಜಿ ಮಾಡಿಸುವವನ ಮನೆ

ಕಾಂದಿವಲಿಯ ಕನ್ನಡ ಕ್ರೈಸ್ತ ಸಭೆಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಮೊದಲು ಫೋನ್ ಬರುತ್ತಿದ್ದುದು ಶಾಂತಪ್ಪನಿಗೆ. ಬೀದರ ಕಡೆಯಿಂದ ಟೈಲ್ಸ್ ಕೆಲಸಕ್ಕೆ ಬಂದು ಮೇಸ್ತ್ರಿಯಾದ ಆತ ಸಭೆಯ ಹಿರಿಯ. ಗಂಡ ಹೆಂಡತಿಯಿರಲಿ, ಅಣ್ಣ ತಮ್ಮಂದಿರಿರಲಿ, ಎದುರುಬದುರು ಕೂರಿಸಿ, ಪ್ರಾರ್ಥನೆ ಮಾಡಿ, ಚಹ ಕುಡಿಸಿ, ಒಂದು ಮಾಡಿಯೇ ಏಳುತ್ತಿದ್ದ. ಅವನ ಸ್ವಂತ ಮಗ ಅನಿಲ ಮಾತ್ರ ಮೂರು ವರ್ಷದಿಂದ ಮನೆಗೆ ಬಂದಿರಲಿಲ್ಲ.

ತನಗೆ ಹುಡುಗಿ ನೋಡಬೇಡಿ, ಗುರುಪಾದ ಎಂಬ ಹುಡುಗನ ಜೊತೆ ಬಾಳುತ್ತೇನೆ ಎಂದು ಅನಿಲ ಹೇಳಿದ ದಿನ ಶಾಂತಪ್ಪ ದನಿ ಏರಿಸಿರಲಿಲ್ಲ. "ಈ ಮನ್ಯಾಗ ಅದು ನಡ್ಯಾಂಗಿಲ್ಲ" ಎಂದಷ್ಟೇ ಹೇಳಿ ಬಾಗಿಲು ತೆರೆದು ನಿಂತಿದ್ದ. ಮಗ ಒಂದು ಬ್ಯಾಗು ಹಿಡಿದು ಅಂಧೇರಿಗೆ ಹೋದ. ಸಭೆಯವರು ವಿಚಾರಿಸಿದರೆ, "ಡ್ಯೂಟಿ ದೂರ ಅದ" ಎಂದು ಶಾಂತಪ್ಪ ಮಾತು ಮರೆಸುತ್ತಿದ್ದ.

ಆ ಭಾನುವಾರ ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಪ್ರಭುಭೋಜನವಿತ್ತು. ಶಾಂತಪ್ಪ ರೊಟ್ಟಿಯ ತಟ್ಟೆ ಹಿಡಿದು ಪಾಸ್ಟರ್ ಪಕ್ಕದಲ್ಲಿ ನಿಂತಿದ್ದ. ಜನ ಸಾಲಾಗಿ ಬಂದರು. ಅವನ ಹೆಂಡತಿ ಗುರುಬಾಯಿ ಬರಲಿಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಸದವಳು ತಲೆಯ ಮೇಲೆ ಸೆರಗೆಳೆದುಕೊಂಡು ಬೆಂಚಿನಲ್ಲಿ ಕೂತೇ ಇದ್ದಳು.

ಮನೆಗೆ ನಡೆಯುವಾಗ ಕೇಳಿದ. "ಆರಾಮಿಲ್ಲೇನು?"

"ಆರಾಮ ಅದ."

"ಮತ್ಯಾಕ ಏಳಲಿಲ್ಲ?"

"ಹಡದ ಮಗನ ಕೂಡ ಮಾತು ಬಿಟ್ಟು ಆ ರೊಟ್ಟಿಗಿ ಹ್ಯಾಂಗ ಕೈ ಚಾಚಲಿ? ಮೊದಲ ಹೋಗಿ ಒಂದಾಗ್ರಿ, ಆಮ್ಯಾಲ ಬರ್ರಿ ಅಂತ ಮಂದಿಗಿ ನೀವೇ ಹೇಳ್ತೀರಿ."

"ಮಾತು ಬಿಟ್ಟಾಂವ ನಾನು. ನೀ ಎಲ್ಲಿ ಬಿಟ್ಟೀದಿ?"

"ನೀವು ಬಿಟ್ಟಾಗ ನಾನೂ ಸುಮ್ಮ ಕೂತೆನಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು. ಊಟಕ್ಕೆ ಕೂತವನು ಅನ್ನ ಕಲಸಿದ, ಬಾಯಿಗಿಡಲಿಲ್ಲ. ಕೈ ತೊಳೆದುಕೊಂಡು, "ಚಪ್ಪಲಿ ಹಾಕ್ಕೋ" ಎಂದ.

ಅಂಧೇರಿಯ ಒಂದು ಚಾಳಿನಲ್ಲಿ ಮಗನ ಖೋಲಿಯ ಬಾಗಿಲು ತಟ್ಟಿದಾಗ ತೆರೆದವನು ಅನಿಲನೇ. ಗಡ್ಡ ಬಿಟ್ಟಿದ್ದ. ಒಳಗೆ ಹೊಲಿಗೆ ಮಶೀನಿನ ಮುಂದಿದ್ದ ಗುರುಪಾದ ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಗಡಬಡಿಸಿ ಎದ್ದುನಿಂತ. ಬೇರೆಯವರ ಮನೆಗಳಲ್ಲಿ ಎಲ್ಲಿಂದ ಮಾತು ಶುರು ಮಾಡಬೇಕೆಂದು ಬಲ್ಲ ಶಾಂತಪ್ಪ ಇಲ್ಲಿ ಹೊಸ್ತಿಲಾಚೆಯೇ ನಿಂತ.

"ಬುದ್ಧಿ ಹೇಳಲಿಕ್ಕಿ ಬಂದೀರೇನಪ್ಪಾ?" ಎಂದ ಅನಿಲ.

"ಇಲ್ಲ. ನನಗಿದು ಇನ್ನಾ ತಿಳಿಯಂಗಿಲ್ಲ, ಸುಳ್ಳ ಯಾಕ ಹೇಳಲಿ. ಖರೆ, ಅವತ್ತು ಬಾಗಲಾ ತೆಗೆದು ನಿಂತದ್ದು ತಪ್ಪಾತು. ಕ್ಷಮಾ ಮಾಡು."

ಗುರುಬಾಯಿ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಾಗ ಅನಿಲ ಅವಳ ಹೆಗಲಿಗೆ ಹಣೆಯೊತ್ತಿದ.

ಗುರುಪಾದ ಚಹಕ್ಕಿಡಲು ಮೂಲೆಯ ಒಲೆಯ ಕಡೆ ಹೋದ. ತಾಯಿ ಮಗನನ್ನು ಅವರ ಪಾಡಿಗೆ ಬಿಟ್ಟು ಶಾಂತಪ್ಪನೂ ಹಿಂದೆ ಹೋದ.

"ನಿಮ್ಮೂರು ಯಾವುದು?"

"ಆಳಂದ ರೀ, ಕಾಕಾ."

"ಹೋಗಿ ಬರ್ತೀಯೇನು?"

"ಎಲ್ಲಿಂದು ಹೋಗೋದ್ರಿ. ಮಗ ಸತ್ತಾನ ಅಂತ ಅಪ್ಪ ಊರಾಗ ಹೇಳಿಬಿಟ್ಟಾನ." ಹುಡುಗ ತಲೆಯೆತ್ತದೆ ಚಹ ಸೋಸುತ್ತಲೇ ಇದ್ದ.

ಶಾಂತಪ್ಪ ಬಿಸಿ ಕಪ್ಪು ಕೈಗೆ ತೆಗೆದುಕೊಂಡ. "ನಿಮ್ಮಪ್ಪನ ಕೂಡ ನಾ ಮಾತಾಡಿದ್ರ ನಡೀತದೇನು?" ಎಂದ. ಗುರುಪಾದ ಮೊದಲು ಅನಿಲನ ಕಡೆ ನೋಡಿ, ಆಮೇಲೆ ನಂಬರ್ ಕೊಟ್ಟ.

ಗುರುಪಾದನ ತಂದೆ ಬಂಡೆಪ್ಪ ಮಗನ ಹೆಸರು ಕೇಳುತ್ತಲೇ ಫೋನ್ ಇಟ್ಟುಬಿಟ್ಟ. ಮರುದಿನವೂ ಹಾಗೇ. ಅನಿಲ, ಗುರುಪಾದ ಇಬ್ಬರೂ ಕಾಂದಿವಲಿಗೆ ಊಟಕ್ಕೆ ಬಂದುಹೋಗತೊಡಗಿದರು. ಸಭೆಯಲ್ಲಿ ಕೆಲವರು ಶಾಂತಪ್ಪನ ಮುಖ ತಪ್ಪಿಸಿದರು. ಅವನು ಮಾತ್ರ ವಾರಕ್ಕೊಮ್ಮೆ ಆಳಂದಕ್ಕೆ ಫೋನ್ ಮಾಡುವುದನ್ನು ಬಿಡಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಅವನು ಟೈಲ್ಸ್ ಕೂರಿಸುತ್ತಿದ್ದಾಗ, ಬಂಡೆಪ್ಪನೇ ಫೋನ್ ಮಾಡಿದ. ಶಾಂತಪ್ಪ ಕೈಯ ಸಿಮೆಂಟ್ ಒರೆಸಿಕೊಂಡು ಫೋನ್ ಎತ್ತಿದ.

"ಅಂವ ಹೊತ್ತಿಗಿ ಉಣತಾನೇನ್ರಿ?" ಬಂಡೆಪ್ಪ ಕೇಳಿದ.

"ಉಣತಾನ್ರಿ. ತೆಳ್ಳಗ ಅದಾನ. ಒಮ್ಮಿ ಬಂದು ನೋಡ್ರಿ, ಸ್ಟೇಶನ್ನಿಗಿ ನಾ ಬರ್ತೀನಿ."